ಕದನವಿರಾಮ ಮುರಿದ ರಾತ್ರಿ ಶಾಂತಿಪಡೆ ಯಾಕೆ ಗೇಟು ದಾಟಿ ಬರುವುದಿಲ್ಲ?

ಓದುಗಿತ್ತಿ

ಎರಡು ವಾರದಿಂದ ದಕ್ಷಿಣ ಸುಡಾನ್ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಒಂದು ಘಟನೆ ತಲೆಯಿಂದ ಹೋಗುತ್ತಲೇ ಇಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

2015ರ ಆಗಸ್ಟ್‌ನಲ್ಲಿ ಅಲ್ಲಿನ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಬಂಡಾಯ ನಾಯಕ ರೀಕ್ ಮಚಾರ್ ಬಣಗಳ ನಡುವೆ ಒಪ್ಪಂದ ಆಯಿತು. ಮರುವರ್ಷ ಏಪ್ರಿಲ್‌ನಲ್ಲಿ ಮಚಾರ್ ತಮ್ಮ ಸೈನಿಕರನ್ನೂ ಕರೆದುಕೊಂಡು ರಾಜಧಾನಿ ಜುಬಾಕ್ಕೆ ವಾಪಸ್ ಬಂದರು. ಒಂದೇ ಊರಲ್ಲಿ ಎರಡು ಸೈನ್ಯ! 2016ರ ಜುಲೈ 8ರಿಂದ 11ರವರೆಗೆ ಊರೇ ರಣರಂಗ. ಕೊನೆಯ ದಿನ ಸರ್ಕಾರಿ ಸಮವಸ್ತ್ರದಲ್ಲಿದ್ದ ಸೈನಿಕರು ಟೆರೇನ್ ಎಂಬ ವಸತಿ ಕಾಂಪೌಂಡ್‌ಗೆ ನುಗ್ಗಿದರು. ಒಬ್ಬ ಪತ್ರಕರ್ತರನ್ನು ಕೊಂದರು. ನೆರವು ಸಂಸ್ಥೆಗಳ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ವಿಶ್ವಸಂಸ್ಥೆಯ ದೊಡ್ಡ ನೆಲೆ ಅಲ್ಲಿಂದ ಕಿಲೋಮೀಟರ್ ಚಿಲ್ಲರೆ ದೂರ. ಒಳಗಿದ್ದವರು ಫೋನ್ ಮಾಡಿದರು, ಮೆಸೇಜ್ ಹಾಕಿದರು, ಬೇಡಿಕೊಂಡರು. ಒಬ್ಬ ಶಾಂತಿಪಾಲಕನೂ ಹೋಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಸಾವಿರಾರು ಸೈನಿಕರು, ಕವಚದ ಗಾಡಿಗಳು, ಜನರನ್ನು ಕಾಪಾಡಿ ಎಂಬ ಸ್ಪಷ್ಟ ಆದೇಶ ಎಲ್ಲ ಇದ್ದವು. ಮತ್ತೆ ಏನು ಕಡಿಮೆ ಇತ್ತು?

ಖಡಕ್‌ಮಾತು

ಮನಸ್ಸು ಕಡಿಮೆ ಇತ್ತು. ನೀಲಿ ಹೆಲ್ಮೆಟ್ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಲು ಹೋದವರು ಯಾರಿಗೋಸ್ಕರ ಪ್ರಾಣ ಕೊಡುತ್ತಾರೆ? ಮುಗೀತು ಚರ್ಚೆ.

ಹಳೇಬೂಟು

ಮುಗಿದಿಲ್ಲ ಸ್ವಾಮಿ, ಸ್ವಲ್ಪ ತಾಳಿ. ನಾನೂ ಒಂದು ಕಾಲದಲ್ಲಿ ಆ ಹೆಲ್ಮೆಟ್ ಹಾಕಿದವನೇ. ಜುಬಾದಲ್ಲಲ್ಲ, ಬೇರೆ ಕಡೆ.

ಎಲ್ಲರೂ ಗುಂಡು ಯಾಕೆ ಹಾರಿಸಲಿಲ್ಲ ಎಂದು ಕೇಳುತ್ತಾರೆ. ರಸ್ತೆ ಯಾರ ಕೈಲಿತ್ತು ಎಂದು ಯಾರೂ ಕೇಳುವುದಿಲ್ಲ. ಶಾಂತಿಪಡೆ ಒಂದು ದೇಶಕ್ಕೆ ಹೋಗುವುದು ಅಲ್ಲಿನ ಸರ್ಕಾರದ ಒಪ್ಪಿಗೆಯ ಮೇಲೆ. ಒಪ್ಪಂದ ಬಾಳುವವರೆಗೆ ಆ ಒಪ್ಪಿಗೆ ನಮಗೆ ಬಲ. ಮುರಿದ ದಿನ ಅದೇ ಉರುಳು. ಯಾಕೆ ಹೇಳಿ? ಸರ್ಕಾರವೂ ಹೊಡೆದಾಡುವ ಎರಡು ಪಕ್ಷಗಳಲ್ಲಿ ಒಂದು. ಚೆಕ್‌ಪೋಸ್ಟ್ ಅವರದು. ವಿಮಾನ ನಿಲ್ದಾಣ ಅವರದು. ನಮ್ಮ ಹೆಲಿಕಾಪ್ಟರ್ ಎದ್ದರೆ ಹೊಡೆಯುವುದಿಲ್ಲ ಎಂದು ಮಾತು ಕೊಡಬೇಕಾದವರೂ ಅವರೇ. ನಿನ್ನೆವರೆಗೆ ಸೆಲ್ಯೂಟ್ ಹೊಡೆದು ತಡೆಗಂಬ ಎತ್ತುತ್ತಿದ್ದ ಹುಡುಗ ಇವತ್ತು ಬಂದೂಕು ತೋರಿಸಿ ಹಿಂದಕ್ಕೆ ಹೋಗು ಎನ್ನುತ್ತಾನೆ. ಅವನ ಹಿಂದೆ ಟ್ಯಾಂಕ್ ನಿಂತಿರುತ್ತದೆ.

ಜುಬಾದಲ್ಲೇ ಜುಲೈ 10ರಂದು ಚೀನಾದ ಸೈನಿಕರಿದ್ದ ಕವಚದ ಗಾಡಿಗೆ ರಾಕೆಟ್ ಬಡಿಯಿತು, ಇಬ್ಬರು ಸತ್ತರು. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆ ಊರಿನ ಇನ್ನೊಂದು ಕಡೆಯ ನೆಲೆಯಲ್ಲಿತ್ತು. ನಡುವೆ ಯುದ್ಧ. ಗಾಯಾಳುವನ್ನು ಹೊತ್ತೊಯ್ಯಲು ದಾರಿ ಸಿಗಲಿಲ್ಲ. ತಮ್ಮ ಮನುಷ್ಯ ಕಣ್ಣೆದುರು ರಕ್ತ ಸುರಿದು ಸಾಯುವುದನ್ನು ನೋಡಿದ ಪಡೆಗೆ, ಮಾರನೇ ದಿನ ಗೇಟು ದಾಟಿ ಹೋಗಿ ಎಂದರೆ ಹೇಗಿರುತ್ತದೆ ಯೋಚಿಸಿ. ಅವರನ್ನು ಸಮರ್ಥಿಸುತ್ತಿಲ್ಲ. ಏನಾಗುತ್ತದೆ ಅಂತ ಹೇಳಿದೆ ಅಷ್ಟೇ.

ಓದುಗಿತ್ತಿ

ಸರ್, ರಸ್ತೆ ವಿಷಯ ಒಪ್ಪಿದೆ. ಆದರೆ ಆಮೇಲೆ ನಡೆದ ವಿಚಾರಣೆ ಬೇರೆಯದನ್ನೂ ಹೇಳಿತಲ್ಲ? ನಿವೃತ್ತ ಜನರಲ್ ಪ್ಯಾಟ್ರಿಕ್ ಕಾಮಾರ್ಟ್ ನೇತೃತ್ವದಲ್ಲಿ ನಡೆದದ್ದು. ಆ ನೆಲೆಯಲ್ಲಿ ಚೀನಾ, ಇಥಿಯೋಪಿಯಾ, ನೇಪಾಳ, ಭಾರತ ನಾಲ್ಕೂ ದೇಶದ ತುಕಡಿಗಳಿದ್ದವು. ಟೆರೇನ್‌ಗೆ ತುರ್ತು ತಂಡ ಕಳಿಸಿ ಎಂದು ಕೇಳಿದಾಗ ಒಂದೊಂದಾಗಿ ಎಲ್ಲವೂ "ನಮ್ಮವರೆಲ್ಲ ಕೆಲಸದಲ್ಲಿದ್ದಾರೆ" ಎಂದವು. ಹೌದು, ನಮ್ಮವರೂ. ಒಬ್ಬರ ಆದೇಶ ಇನ್ನೊಬ್ಬರ ಆದೇಶಕ್ಕೆ ತಾಳೆ ಇರಲಿಲ್ಲ ಅಂತಲೂ ವರದಿಯಲ್ಲಿತ್ತು. ನವೆಂಬರ್‌ನಲ್ಲಿ ಕೀನ್ಯಾದ ಫೋರ್ಸ್ ಕಮಾಂಡರ್ ಅವರನ್ನು ತೆಗೆದರು. ಕೀನ್ಯಾ ಸಿಟ್ಟಾಗಿ ತನ್ನ ಸೈನಿಕರನ್ನೇ ವಾಪಸ್ ಕರೆಸಿಕೊಂಡಿತು. ಜುಲೈನಲ್ಲಿ ಇದೆಲ್ಲ ನಡೆದಾಗ ಆ ಕಮಾಂಡರ್ ಅಲ್ಲಿಗೆ ಬಂದು ಕೆಲವೇ ವಾರ ಆಗಿತ್ತಂತೆ.

ಖಡಕ್‌ಮಾತು

ನೋಡಿದ್ರಾ? ನಾನು ಹೇಳಿದ್ದೂ ಅದೇ. ಚಂದವಾಗಿ ಹೇಳಲು ಬರಲಿಲ್ಲ ಅಷ್ಟೇ.

ಕಾನೂನುಕಡತ

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ. ಕಾಗದದಲ್ಲಿ ಏನಿದೆ ನೋಡೋಣ.

ಜನರನ್ನು ಕಾಯುವುದು ಶಾಂತಿಪಡೆಯ ಕೆಲಸ ಎಂದು ಭದ್ರತಾ ಮಂಡಳಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು 1999ರಲ್ಲಿ, ಸಿಯೆರಾ ಲಿಯೋನ್‌ಗೆ ಪಡೆ ಕಳಿಸುವಾಗ. 1270ನೇ ನಿರ್ಣಯ. ಅದಕ್ಕೂ ಮುಂಚೆ ಎರಡು ಸೈನ್ಯಗಳ ನಡುವೆ ನಿಂತು ಯಾರು ಗೆರೆ ದಾಟಿದರು ಎಂದು ಬರೆದುಕೊಳ್ಳುವುದೇ ಮುಖ್ಯ ಕೆಲಸವಾಗಿತ್ತು. ಈಗಿನ ದೊಡ್ಡ ಕಾರ್ಯಾಚರಣೆಗಳಲ್ಲಿ ಬಲಪ್ರಯೋಗಕ್ಕೂ ಅನುಮತಿ ಇರುತ್ತದೆ. ಆದರೆ ಆ ವಾಕ್ಯಕ್ಕೆ ಎರಡು ಬಾಲ ಇವೆ. ಒಂದು, "ಪಡೆಯ ಸಾಮರ್ಥ್ಯದ ಮಿತಿಯಲ್ಲಿ, ಅದು ಇರುವ ಪ್ರದೇಶದಲ್ಲಿ." ಇನ್ನೊಂದು, "ಜನರನ್ನು ಕಾಯುವ ಮೊದಲ ಹೊಣೆ ಆ ದೇಶದ ಸರ್ಕಾರದ್ದೇ." ಕೊಲ್ಲುತ್ತಿರುವುದು ಸರ್ಕಾರದ ಸೈನಿಕರೇ ಆದರೆ? ಕಾನೂನಿನ ಪ್ರಕಾರ ಆಗಲೂ ತಡೆಯಬಹುದು, ತಡೆಯಲೇಬೇಕು. ತಡೆದ ಉದಾಹರಣೆ ಹುಡುಕಿ ನೋಡಿ, ತೀರಾ ಕಡಿಮೆ.

ವಿಶ್ವಸಂಸ್ಥೆಯದೇ ಒಳಗಿನ ತಪಾಸಣೆ ವಿಭಾಗ 2014ರಲ್ಲಿ ಒಂದು ಲೆಕ್ಕ ಕೊಟ್ಟಿತು. 2010ರಿಂದ 2013ರವರೆಗೆ ಸಾಮಾನ್ಯ ಜನರ ಮೇಲೆ ನಡೆದ 507 ಘಟನೆಗಳಲ್ಲಿ ಪಡೆ ತಕ್ಷಣ ಸ್ಪಂದಿಸಿದ್ದು 101ಕ್ಕೆ ಮಾತ್ರ. ಐದರಲ್ಲಿ ಒಂದು. ಮಾರಕ ಬಲ ಬಳಸಿದ್ದಂತೂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ದಕ್ಷಿಣ ಸುಡಾನ್‌ನದೇ ಮಲಕಾಲ್ ಊರಿನದು ಇನ್ನೂ ವಿಚಿತ್ರ. 2016ರ ಫೆಬ್ರುವರಿ 17, 18ರಂದು ವಿಶ್ವಸಂಸ್ಥೆ ನೆಲೆಯ ಒಳಗಿನ ನಿರಾಶ್ರಿತರ ಶಿಬಿರಕ್ಕೇ ದಾಳಿ ಆಯಿತು. ಕನಿಷ್ಠ 30 ಜನ ಸತ್ತರು. ಶಿಬಿರಕ್ಕೆ ಬೆಂಕಿ ಬಿದ್ದಿದೆ, ಆ ಹೊತ್ತಿನಲ್ಲಿ ಒಂದು ತುಕಡಿ ಆಯುಧ ಬಳಸಲು ಬರಹದಲ್ಲಿ ಅನುಮತಿ ಕೊಡಿ ಎಂದು ಕೇಳಿತಂತೆ! ಅನುಮತಿ ಮೊದಲೇ ಇತ್ತು.

ಹಳೇಬೂಟು

ಆ ಬರಹದ ಅನುಮತಿ ಓದಿ ನೀವೆಲ್ಲ ನಗುತ್ತೀರಿ. ನನಗೆ ನಗು ಬರಲ್ಲ.

ಪ್ರತಿ ತುಕಡಿಗೂ ಇಬ್ಬರು ಯಜಮಾನರು. ಒಬ್ಬರು ಅಲ್ಲಿನ ಫೋರ್ಸ್ ಕಮಾಂಡರ್. ಇನ್ನೊಬ್ಬರು ತಮ್ಮ ದೇಶದ ರಾಜಧಾನಿಯಲ್ಲಿ. ಕಷ್ಟದ ಆದೇಶ ಬಂದ ಕೂಡಲೇ ಕರ್ನಲ್ ಸಾಹೇಬರು ಎರಡನೇ ಫೋನ್ ಎತ್ತುತ್ತಾರೆ. ಕೆಲವು ದೇಶಗಳು ಕಳಿಸುವಾಗಲೇ ಷರತ್ತು ಹಾಕಿರುತ್ತವೆ. ರಾತ್ರಿ ಗಸ್ತು ಇಲ್ಲ, ಇಂತಿಂಥ ಜಾಗ ಬಿಟ್ಟು ಹೋಗಲ್ಲ, ಹೀಗೆ. ಎಷ್ಟೋ ಷರತ್ತು ಕಾಗದದಲ್ಲೇ ಇರುವುದಿಲ್ಲ. ಗುಂಡು ಹಾರುವ ಹೊತ್ತಿಗೇ ಗೊತ್ತಾಗುವುದು.

ಕ್ಯಾಪ್ಟನ್ ದರ್ಜೆಯ ಹುಡುಗನ ತಲೆಯಲ್ಲಿ ಓಡುವ ಲೆಕ್ಕ ಕೇಳಿ. ಗುಂಡು ಹಾರಿಸಿ ತಪ್ಪಾದರೆ ವಿಚಾರಣೆ ಇವನ ಮೇಲೆ. ಹಾರಿಸದೆ ಜನ ಸತ್ತರೆ ವರದಿಯಲ್ಲಿ "ಪಡೆ ವಿಫಲವಾಯಿತು" ಅಂತ ಬರುತ್ತದೆ, ಇವನ ಹೆಸರಿರುವುದಿಲ್ಲ. ಇದನ್ನು ಸರಿಮಾಡಲೆಂದೇ 2015ರಲ್ಲಿ ಕಿಗಾಲಿ ತತ್ವಗಳು ಅಂತ 18 ಅಂಶ ಬರೆದರು. ಕಮಾಂಡರ್‌ಗೆ ಊರಿಂದ ಕೇಳದೆ ಬಲ ಬಳಸುವ ಅಧಿಕಾರ ಮೊದಲೇ ಕೊಟ್ಟಿರಬೇಕು, ಕೈಕಟ್ಟಿ ನಿಂತವರ ಮೇಲೂ ಕ್ರಮ ಆಗಬೇಕು ಅಂತೆಲ್ಲ. ಒಳ್ಳೆಯದೇ. ಸಹಿ ಹಾಕುವುದು ದೇಶಗಳ ಇಷ್ಟ.

ಇನ್ನೊಂದು. ಶಾಂತಿಪಡೆಯ ಪೋಸ್ಟ್‌ಗಳನ್ನು ಕಟ್ಟುವುದೇ ಶಾಂತಿ ಇದೆ ಎಂದು ನಂಬಿ. ಅಲ್ಲೊಂದು ಕಂಪನಿ, ಇಲ್ಲೊಂದು ಕಂಪನಿ, ನಡುವೆ ಮಳೆ ಬಂದರೆ ಮುಳುಗುವ ರಸ್ತೆ. ಕಾಳಗಕ್ಕೆಂದು ಹಾಕಿದ ಪೋಸ್ಟ್‌ಗಳಲ್ಲ ಅವು. 2000ದ ಮೇನಲ್ಲಿ ಸಿಯೆರಾ ಲಿಯೋನ್‌ನ ಒಪ್ಪಂದ ಮುರಿದಾಗ ಬಂಡುಕೋರರು ನೂರಾರು ಶಾಂತಿಪಾಲಕರನ್ನೇ ಒತ್ತೆ ಹಿಡಿದರು. ಕೈಲಾಹುನ್‌ನಲ್ಲಿ ನಮ್ಮ ಭಾರತದ 222 ಜನ ಸುಮಾರು 75 ದಿನ ಸುತ್ತುವರಿದ ಸ್ಥಿತಿಯಲ್ಲೇ ಇದ್ದರು. ಕೊನೆಗೆ ಜುಲೈನಲ್ಲಿ ಆಪರೇಷನ್ ಖುಕ್ರಿ ಮಾಡಿ ಹೊಡೆದುಕೊಂಡೇ ಹೊರಬಂದರು. ನಮ್ಮ ಸೈನ್ಯದಲ್ಲಿ ಈಗಲೂ ಹೆಮ್ಮೆಯಿಂದ ಹೇಳುವ ಕಥೆ. ಆ 75 ದಿನ ಸುತ್ತಲಿನ ಹಳ್ಳಿಯವರನ್ನು ಯಾರು ಕಾಯುತ್ತಿದ್ದರು? ಆ ಪ್ರಶ್ನೆ ಯಾವ ಭಾಷಣದಲ್ಲೂ ಕೇಳಿಲ್ಲ ನಾನು.

ಸುಮ್ನೆಕೇಳ್ದೆ

ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಕದನವಿರಾಮ ಮುರಿಯಿತು ಅಂತ ಹೇಳುವವರು ಯಾರು? ಘೋಷಣೆ ಮಾಡುತ್ತಾರಾ?

ಹಳೇಬೂಟು

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಎಲ್ಲಾ ಗೋಳಿನ ಬೇರು ಅಲ್ಲೇ ಇದೆ.

ಯಾರೂ ಹೇಳುವುದಿಲ್ಲ. "ಅವರು ಹೊಡೆದರು, ನಾವು ಉತ್ತರ ಕೊಟ್ಟೆವು" ಎಂದು ಇಬ್ಬರೂ ಅನ್ನುತ್ತಾರೆ. ಒಪ್ಪಂದ ಮಾಡಿಸಿದ ದೇಶಗಳಿಗೆ ಅದು ಸತ್ತಿದೆ ಎಂದು ಒಪ್ಪಿಕೊಳ್ಳುವುದೇ ಅವಮಾನ. ಹಾಗಾಗಿ ಕಾಗದದಲ್ಲಿ ಅದು ಉಸಿರಾಡುತ್ತಲೇ ಇರುತ್ತದೆ. ನಾವು ದಿನಾ ಉಲ್ಲಂಘನೆಯ ವರದಿ ಬರೆಯುತ್ತೇವೆ. ಇವತ್ತು 4, ನಾಳೆ 9, ನಾಡಿದ್ದು 20. ಯಾವ ಅಂಕಿಗೆ ಬಂದಾಗ ವರದಿ ಬರೆಯುವುದು ಬಿಟ್ಟು ಮರಳಿನ ಚೀಲ ತುಂಬಬೇಕು? ಯಾವ ಕೈಪಿಡಿಯಲ್ಲೂ ಇಲ್ಲ.

ನಕ್ಷೆಹುಚ್ಚ

ಪೂರ್ವ ಕಾಂಗೋದ ದೊಡ್ಡ ಊರು ಗೋಮಾದಲ್ಲಿ ಆದದ್ದೂ ಇದೇ. ಆ ಭಾಗಕ್ಕೆಂದು ಲುವಾಂಡಾದಲ್ಲಿ ಒಪ್ಪಿದ ಕದನವಿರಾಮ 2024ರ ಆಗಸ್ಟ್ 4ರಿಂದ ಜಾರಿಯಲ್ಲಿತ್ತು. ಕಾಗದದಲ್ಲಿ ಜಾರಿ. ನಾನು ಆಗ ವಾರಕ್ಕೊಮ್ಮೆ ನಕ್ಷೆಯಲ್ಲಿ ಗೆರೆ ಎಳೆಯುತ್ತಿದ್ದೆ (ಹುಚ್ಚು ಅಂತ ಹೆಸರಲ್ಲೇ ಇದೆಯಲ್ಲ). ಎಂ23 ಎಂಬ ಬಂಡುಕೋರ ಗುಂಪಿನ ಗೆರೆ ಮುಂದೆ ಬರುತ್ತಲೇ ಇತ್ತು. 2025ರ ಜನವರಿ ಕೊನೆಯಲ್ಲಿ ಹತ್ತಿರದ ಸಾಕೆ ಪಟ್ಟಣ ಬಿತ್ತು, ಕೆಲವೇ ದಿನಕ್ಕೆ ಗೋಮಾ ಬಿತ್ತು. ಶಾಂತಿಪಾಲಕರೂ ಸತ್ತರು. ಆಯುಧ ಕೆಳಗಿಟ್ಟ ಕಾಂಗೋ ಸೈನಿಕರು ಆಸರೆ ಕೇಳಿಕೊಂಡು ವಿಶ್ವಸಂಸ್ಥೆ ನೆಲೆಯೊಳಕ್ಕೇ ಬಂದು ಕೂತರು.

ರುವಾಂಡಾ ನೆನಪಿಸಿಕೊಳ್ಳಿ. 1993ರ ಆಗಸ್ಟ್‌ನಲ್ಲಿ ಸರ್ಕಾರ ಮತ್ತು ಬಂಡುಕೋರರ ನಡುವೆ ಅರುಶಾ ಒಪ್ಪಂದ. 1994ರ ಜನವರಿ 11ಕ್ಕೇ ಅಲ್ಲಿನ ಶಾಂತಿಪಡೆಯ ಕಮಾಂಡರ್ ಜನರಲ್ ರೋಮಿಯೋ ಡಲೇರ್ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಗೆ ಸಂದೇಶ ಕಳಿಸಿದ್ದರು. ಆಯುಧ ಬಚ್ಚಿಟ್ಟಿದ್ದಾರೆ, ಕೊಲ್ಲುವ ತಯಾರಿ ನಡೆದಿದೆ, ಹೋಗಿ ಹಿಡಿಯುತ್ತೇನೆ ಅಂತ. ಬೇಡ, ನಿನ್ನ ಕೆಲಸದ ವ್ಯಾಪ್ತಿ ಮೀರುತ್ತದೆ ಎಂಬ ಉತ್ತರ ಬಂತು. ಒಪ್ಪಂದ ಇನ್ನೂ ಜೀವಂತ ಇದೆ ಅಂದುಕೊಂಡಿದ್ದರು ಅಲ್ವಾ? ಏಪ್ರಿಲ್ 7ರಂದು ಹತ್ಯಾಕಾಂಡ ಶುರುವಾಯಿತು, ಅವತ್ತೇ ಶಾಂತಿಪಡೆಯಲ್ಲಿದ್ದ ಬೆಲ್ಜಿಯಂನ 10 ಸೈನಿಕರನ್ನು ಕೊಂದರು. ಬೆಲ್ಜಿಯಂ ಗಂಟುಮೂಟೆ ಕಟ್ಟಿತು. ಏಪ್ರಿಲ್ 11ರಂದು ಕಿಗಾಲಿಯ ಒಂದು ತಾಂತ್ರಿಕ ಶಾಲೆಯಲ್ಲಿ ಅವರ ಆಸರೆಯಲ್ಲಿದ್ದ ಸುಮಾರು 2000 ಜನರನ್ನು ಬಿಟ್ಟು ಲಾರಿ ಹತ್ತಿದರು. ಗೇಟಿನ ಹೊರಗೆ ಮಚ್ಚು ಹಿಡಿದವರು ಕಾಯುತ್ತಿದ್ದರು. ಏಪ್ರಿಲ್ 21ಕ್ಕೆ ಭದ್ರತಾ ಮಂಡಳಿ ಇಡೀ ಪಡೆಯನ್ನು 270ಕ್ಕೆ ಇಳಿಸಲು ನಿರ್ಣಯ ಮಾಡಿತು. ಹತ್ಯಾಕಾಂಡದ ನಡುವೆ!

ಓದುಗಿತ್ತಿ

ಆ ಉಳಿದವರ ಬಗ್ಗೆಯೂ ಹೇಳಬೇಕು. ಡಲೇರ್ ಮಂಡಳಿ ಹೇಳಿದ್ದಕ್ಕಿಂತ ಜಾಸ್ತಿ ಜನರನ್ನು ಉಳಿಸಿಕೊಂಡರು. ಘಾನಾದವರು ಹೆಚ್ಚು. ಅಮಹೋರೊ ಕ್ರೀಡಾಂಗಣದಲ್ಲಿ ಸಾವಿರಾರು ಜನ ಬದುಕಿದ್ದು ಅವರಿಂದ. ಸೆನೆಗಲ್‌ನ ಕ್ಯಾಪ್ಟನ್ ಎಂಬಾಯೆ ಜಾನ್ಯೆ ಆಯುಧವಿಲ್ಲದೆ, ಚೆಕ್‌ಪೋಸ್ಟ್‌ಗಳಲ್ಲಿ ನಗುತ್ತಾ, ಸಿಗರೇಟು ಹಂಚುತ್ತಾ, ಮಾತಾಡುತ್ತಾ, ಕಾರಿನಲ್ಲಿ ನಾಲ್ಕೈದು ಜನರಂತೆ ನೂರಾರು ಜನರನ್ನು ದಾಟಿಸಿದರು. ಮೇ 31ರಂದು ಶೆಲ್ ಬಿದ್ದು ಸತ್ತರು. ಖಡಕ್‌ಮಾತು ಅವರೇ, ಅವರೂ ಫೋಟೋ ತೆಗೆಸಿಕೊಳ್ಳಲು ಹೋದವರಾ?

ಖಡಕ್‌ಮಾತು

ಇಲ್ಲ. ಆ ಮಾತು ವಾಪಸ್ ತಗೊಂಡೆ. ಆದರೆ ಒಬ್ಬ ಒಳ್ಳೆಯವನು ಸಿಕ್ಕ ಅಂತ ವ್ಯವಸ್ಥೆಗೆ ಮಾಫಿ ಕೊಡಬೇಡಿ. 1995ರಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಏನಾಯಿತು? "ಸುರಕ್ಷಿತ ಪ್ರದೇಶ" ಅಂತ ಬೋರ್ಡ್ ಹಾಕಿ, ಕೆಲವೇ ನೂರು ಡಚ್ ಸೈನಿಕರನ್ನು ಕೂರಿಸಿ, ಕೊನೆಗೆ 8000ದಷ್ಟು ಗಂಡಸರು, ಹುಡುಗರು ಹೆಣವಾದರು. ನೆಲೆಯೊಳಗೆ ಇದ್ದವರನ್ನೂ ಹೊರಗೆ ಕಳಿಸಿದರು. ಅಂಥ 350 ಜನರ ವಿಷಯದಲ್ಲಿ ಡಚ್ ಸರ್ಕಾರಕ್ಕೆ ಶೇ 10ರಷ್ಟು ಹೊಣೆ ಇದೆ ಎಂದು ಅವರ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಶೇ 10! ಆ ಲೆಕ್ಕ ಯಾರು ಹಾಕಿದರೋ.

ದುಭಾಷಿ

ತಡವಾಗಿ ಬಂದೆ. ನಾನು ಅನುವಾದದ ಕೆಲಸ ಮಾಡುವವಳು. ಇಷ್ಟು ಹೊತ್ತೂ ಯಾರೂ ಮುಟ್ಟದ ಒಂದು ವಿಷಯ ಇದೆ. ಭಾಷೆ.

2008ರ ಅಕ್ಟೋಬರ್ 29ರಂದು ಪೂರ್ವ ಕಾಂಗೋದಲ್ಲಿ ಬಂಡುಕೋರ ನಾಯಕ ಲೋರಾಂ ಎನ್‌ಕುಂಡಾ ಕದನವಿರಾಮ ಘೋಷಿಸಿದ. ಒಂದು ವಾರ ಬಾಳಲಿಲ್ಲ. ನವೆಂಬರ್ 4, 5ರಂದು ಕಿವಾಂಜಾ ಊರಿಗೆ ಮೊದಲು ಒಂದು ಗುಂಪು ನುಗ್ಗಿತು, ಆಮೇಲೆ ಎನ್‌ಕುಂಡಾನ ಪಡೆ ವಾಪಸ್ ಹಿಡಿಯಿತು. ಮನೆಮನೆಗೆ ಹೋಗಿ ಗಂಡಸರನ್ನು ಎಳೆದು ಕೊಂದರು. ಸುಮಾರು 150 ಜನ. ಶಾಂತಿಪಡೆಯ ನೆಲೆ ಅದೇ ಊರ ಪಕ್ಕದಲ್ಲಿತ್ತು. ಇದ್ದವರು ಭಾರತದ ಸೈನಿಕರು. ಜನರ ಜೊತೆ ಮಾತಾಡಲು ಸಾಕಷ್ಟು ದುಭಾಷಿಗಳೇ ಇರಲಿಲ್ಲ. ಊರೊಳಗೆ ಏನು ನಡೆಯುತ್ತಿದೆ ಎಂಬುದು ಅವರಿಗೆ ಸರಿಯಾಗಿ ತಲುಪಲೇ ಇಲ್ಲ.

ಸ್ವಲ್ಪ ಊಹಿಸಿಕೊಳ್ಳಿ. ಒಬ್ಬಳು ಹೆಂಗಸು ಓಡಿಬಂದು ಗೇಟಿನಲ್ಲಿ ಕೂಗುತ್ತಾಳೆ. ಕಾವಲಿನವನಿಗೆ ಸ್ವಾಹಿಲಿ ಬಾರದು, ಅವಳಿಗೆ ಹಿಂದಿ ಬಾರದು. ಹಸಿದು ಬಂದವಳಾ, ಗಂಡ ಹೊಡೆದನಾ, ಊರು ಹತ್ತಿ ಉರಿಯುತ್ತಿದೆಯಾ? ಅವನ ಕಿವಿಗೆ ಎಲ್ಲಾ ಒಂದೇ ಕೂಗು. "ದಾಳಿ" ಎಂಬ ಒಂದು ಪದ ಗೊತ್ತಿದ್ದಿದ್ದರೂ ಎಷ್ಟೋ ಬದಲಾಗುತ್ತಿತ್ತು.

ಆಮೇಲೆ ಬುದ್ಧಿ ಬಂತು. ಕಾಂಗೋದಲ್ಲಿ ಸಮುದಾಯ ಸಂಪರ್ಕ ಸಹಾಯಕರು ಅಂತ ಆ ದೇಶದವರನ್ನೇ ನೇಮಿಸಿ, ಒಂದೊಂದು ಪೋಸ್ಟ್‌ಗೆ ಹಾಕಿದರು. ಹಳ್ಳಿಯಲ್ಲಿ ನಂಬಿಕಸ್ಥರಿಗೆ ಫೋನ್ ಕೊಟ್ಟರು. ಏನಾದರೂ ಕಂಡರೆ ಇವರಿಗೆ ಕರೆ, ಇವರು ಕಂಪನಿ ಕಮಾಂಡರ್‌ಗೆ ತಿಳಿಸುವುದು. ಶಾಂತಿಪಾಲನೆಯಲ್ಲಿ ನಿಜವಾಗಿ ಕೆಲಸ ಮಾಡಿದ ಹೊಸ ಉಪಾಯ ಯಾವುದು ಎಂದು ಕೇಳಿದರೆ ನಾನು ಡ್ರೋನ್ ಅನ್ನಲ್ಲ, ಈ ಸಹಾಯಕರು ಅನ್ನುತ್ತೇನೆ. ಆದರೆ ಒಪ್ಪಂದ ಮುರಿದಾಗ ಮೊದಲು ಅಪಾಯಕ್ಕೆ ಸಿಗುವವರೂ ಅವರೇ. ಸೈನಿಕರನ್ನು ವಿಮಾನದಲ್ಲಿ ಕರೆದೊಯ್ಯುತ್ತಾರೆ. ಇವರ ಮನೆ ಅಲ್ಲೇ. ಯಾರು ಯಾರಿಗೆ ಫೋನ್ ಮಾಡುತ್ತಿದ್ದರು ಎಂಬುದು ಊರಿಗೆಲ್ಲ ಗೊತ್ತು.

ಹಳೇಬೂಟು

ಮೇಡಂ, ನೂರಕ್ಕೆ ನೂರು. ನಮ್ಮ ಪೋಸ್ಟ್‌ನಲ್ಲೂ ಅಂಥ ಒಬ್ಬ ಹುಡುಗ ಇದ್ದ. ನಮ್ಮ ಅರ್ಧ ಕೆಲಸ ಅವನೇ ಮಾಡುತ್ತಿದ್ದ.

ಕಾನೂನುಕಡತ

ಗೇಟು ತೆರೆಯುವ ವಿಷಯಕ್ಕೆ ಬರುತ್ತೇನೆ. ಗೇಟು ತೆರೆದರೆ ಸಾಕು ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. 2013ರ ಡಿಸೆಂಬರ್‌ನಲ್ಲಿ ಜುಬಾದಲ್ಲಿ ಮೊದಲ ಸಲ ಯುದ್ಧ ಶುರುವಾದಾಗ ವಿಶ್ವಸಂಸ್ಥೆ ನೆಲೆಗಳ ಗೇಟು ತೆರೆದರು. ಒಳ್ಳೆಯ ನಿರ್ಧಾರ, ಸಾವಿರಾರು ಜೀವ ಉಳಿದವು. ಕೆಲವು ದಿನದ ಆಸರೆ ಅಂದುಕೊಂಡಿದ್ದು ವರ್ಷಗಟ್ಟಲೆ ಆಯಿತು. ಒಂದು ಹಂತದಲ್ಲಿ ದೇಶದಾದ್ಯಂತ ಆ ಶಿಬಿರಗಳಲ್ಲಿ 2 ಲಕ್ಷಕ್ಕೂ ಜಾಸ್ತಿ ಜನ ಇದ್ದರು.

ಹಾಗೆ ಒಳಗೆ ಬಿಟ್ಟುಕೊಂಡ ಕ್ಷಣ ಎದುರು ಬಣದ ಕಣ್ಣಿಗೆ ನೀವೂ ಶತ್ರು. 2013ರ ಡಿಸೆಂಬರ್ 19ರಂದು ಅಕೋಬೋದ ಸಣ್ಣ ನೆಲೆಗೆ ದಾಳಿ ಆಯಿತು. ಆಸರೆ ಪಡೆದವರ ಜೊತೆ ಭಾರತದ ಸೈನಿಕರೂ ಸತ್ತರು. 2014ರ ಏಪ್ರಿಲ್ 17ರಂದು ಬೋರ್‌ನಲ್ಲಿ ಮನವಿ ಕೊಡುವ ನೆಪದಲ್ಲಿ ಗುಂಪು ಬಂದು ಒಳನುಗ್ಗಿತು, ಸುಮಾರು 50 ಜನ ಸತ್ತರು. ಲೆಬನಾನ್‌ನ ಕಾನಾದಲ್ಲಿ 1996ರ ಏಪ್ರಿಲ್ 18ರಂದು ಫಿಜಿ ಸೈನಿಕರ ನೆಲೆಯಲ್ಲಿ 800ರಷ್ಟು ಜನ ಆಸರೆ ಪಡೆದಿದ್ದರು. ಅಲ್ಲಿಗೇ ಇಸ್ರೇಲಿ ಫಿರಂಗಿ ಗುಂಡು ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು.

ಶಿಬಿರದ ಹೆಂಗಸರು ಸೌದೆಗೆ, ಊಟದ ಸಾಮಾನಿಗೆ ಹೊರಗೆ ಹೋಗಲೇಬೇಕು. ಜುಬಾದಲ್ಲಿ ಅವರ ಮೇಲೆ ದೌರ್ಜನ್ಯ ನಡೆದದ್ದು ಬೇಲಿಯಿಂದ ಕಾಣುವ ದೂರದಲ್ಲೇ.

ಖಡಕ್‌ಮಾತು

ಹಾಗಾದರೆ ಈ ಪಡೆಗಳೇ ಬೇಡ ಎಂದರೆ ತಪ್ಪೇನು? ಮಾಲಿ ದೇಶ 2023ರಲ್ಲಿ ಹೊರಡಿ ಅಂದಿತು, ವರ್ಷದ ಕೊನೆಗೆ ಹೊರಟರು.

ನಕ್ಷೆಹುಚ್ಚ

ತಪ್ಪೇನು ಎಂಬುದಕ್ಕೆ ಸುಡಾನ್‌ನ ಪಶ್ಚಿಮದ ಡಾರ್ಫುರ್ ನೋಡಿ. ಅಲ್ಲಿನ ಶಾಂತಿಪಡೆಯನ್ನು ಎಲ್ಲರೂ ಬೈಯುತ್ತಿದ್ದರು, ನಾನೂ ಬೈದಿದ್ದೇನೆ. 2020ರ ಡಿಸೆಂಬರ್ 31ಕ್ಕೆ ಅದರ ಕೆಲಸ ಮುಗಿಯಿತು. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಯುದ್ಧ. ಜಿದ್ದಾದಲ್ಲಿ ಕದನವಿರಾಮಕ್ಕೆ ಸಹಿ ಹಾಕಿದರು, ಮುರಿದರು, ಮತ್ತೆ ಹಾಕಿದರು. ಅಷ್ಟರಲ್ಲಿ ಡಾರ್ಫುರ್‌ನ ಅಲ್ ಜಿನೇನಾ ಊರೊಂದರಲ್ಲೇ 10 ರಿಂದ 15 ಸಾವಿರ ಜನ ಸತ್ತಿರಬಹುದು ಎಂದು ವಿಶ್ವಸಂಸ್ಥೆ ತಜ್ಞರ ಸಮಿತಿ ಹೇಳಿತು. 2025ರ ಅಕ್ಟೋಬರ್‌ನಲ್ಲಿ ಅಲ್ಲಿನದೇ ಇನ್ನೊಂದು ಊರು ಅಲ್ ಫಾಶಿರ್ ಬಿತ್ತು, ಒಂದೂವರೆ ವರ್ಷದ ಮುತ್ತಿಗೆಯ ನಂತರ. ಆಗ ಓಡಿಹೋಗಿ ತಟ್ಟಲು ಒಂದು ಗೇಟೂ ಇರಲಿಲ್ಲ.

ಓದುಗಿತ್ತಿ

ಹಳೇಬೂಟು ಸರ್, ಇಷ್ಟೆಲ್ಲ ಆದ ಮೇಲೆ ಒಂದು ನೇರ ಪ್ರಶ್ನೆ. ಹೇಳಲು ಇಷ್ಟವಿಲ್ಲದಿದ್ದರೆ ಬಿಡಿ. ನಿಮ್ಮ ಗೇಟಿಗೂ ಜನ ಬಂದಿದ್ದರಾ?

ಹಳೇಬೂಟು

ಬಂದಿದ್ದರು. ರಾತ್ರಿ ಹನ್ನೊಂದರ ಸುಮಾರಿಗೆ. ಆದೇಶ ಇರಲಿಲ್ಲ, ಬೇಡ ಎಂದೂ ಯಾರೂ ಹೇಳಿರಲಿಲ್ಲ. ಆ ಹುಡುಗ, ಮೊದಲು ಹೇಳಿದೆನಲ್ಲ, ಅವನು ಓಡಿಬಂದು ಇವರು ಸುಳ್ಳು ಹೇಳುತ್ತಿಲ್ಲ ಸರ್ ಎಂದ. ನಮ್ಮ ಮೇಜರ್ ಸಾಹೇಬರು ಎರಡು ನಿಮಿಷ ಸುಮ್ಮನೆ ನಿಂತರು. ಆಮೇಲೆ ತೆರೆಯಿರಿ ಎಂದರು.

ಸುಮ್ನೆಕೇಳ್ದೆ

ಒಳ್ಳೆಯದಾಯಿತಲ್ಲ ಸರ್!

ಹಳೇಬೂಟು

ಬೆಳಿಗ್ಗೆ ಎಣಿಸಿದರೆ 600 ದಾಟಿತ್ತು. ನಮ್ಮ ನೀರಿನ ಟ್ಯಾಂಕ್ ಇದ್ದದ್ದು 120 ಜನರ ಲೆಕ್ಕಕ್ಕೆ, ಮಧ್ಯಾಹ್ನಕ್ಕೆ ಖಾಲಿ. ಬೇಲಿ ಸುತ್ತ ಕಾವಲಿಗೆ ಎರಡು ಪ್ಲಟೂನ್ ಬೇಕಾಯಿತು. ಉಳಿದದ್ದು ಒಂದು. ಅದು ದಿನಾ ನದಿಗೆ ಹೋಗಿ ನೀರು ತರುವ ಗಾಡಿಗೆ ಬೆಂಗಾವಲಾಗಿ ಹೋಗುತ್ತಿತ್ತು. ದಿನಾ ಗಸ್ತು ಹೋಗುತ್ತಿದ್ದ ಮೂರು ಹಳ್ಳಿಗಳಿಗೆ ಆಮೇಲೆ ಒಂಬತ್ತು ದಿನ ಯಾರೂ ಹೋಗಲಿಲ್ಲ. ಆ ಹುಡುಗನ ಊರು ಅದರಲ್ಲಿ ಎರಡನೆಯದು.